ಅವರ ಭಾನುವಾರ ಅವರಿಗೇ ಬಿಡು

ನೋಡಮ್ಮ, ನಿನ್ನ ಆಫೀಸಿನ ಒಂಬತ್ತು ಜನರನ್ನೂ ಎರಡು ದಿನ ಎಲ್ಲಾದರೂ ಕರೆದುಕೊಂಡು ಹೋಗಬೇಕು ಅಂದೆಯಲ್ಲ, ಕೇಳಿ ತುಂಬಾ ಸಂತೋಷವಾಯಿತು. ಜಾಗದ ಮಾತು ಆಮೇಲೆ, ಮೊದಲು ದಿನ ಯಾವುದು ಹೇಳು. ಶನಿವಾರ, ಭಾನುವಾರ ಅಂತಿದ್ದರೆ ಬೇಡವೇ ಬೇಡ. ವಾರವಿಡೀ ದುಡಿದವರಿಗೆ ಬಟ್ಟೆ ಒಗೆಯುವುದಕ್ಕೆ, ಮಕ್ಕಳ ತಲೆಗೆ ನೀರು ಹಾಕುವುದಕ್ಕೆ, ಊರಿನಲ್ಲಿರುವ ಅಪ್ಪ ಅಮ್ಮನನ್ನು ನೋಡಿ ಬರುವುದಕ್ಕೆ ಇರುವುದು ಆ ಎರಡೇ ದಿನ. ಅದನ್ನು ಕಿತ್ತುಕೊಂಡು ಪ್ರವಾಸಕ್ಕೆ ಕರೆದರೆ ಎದುರಿಗೆ ಯಾರೂ ಬೇಡ ಅನ್ನುವುದಿಲ್ಲ, ಸಂಬಳ ಕೊಡುವವಳು ನೀನು. ಆದರೆ ಮನಸ್ಸು ಬಂದಿರುವುದಿಲ್ಲ. ಗುರುವಾರ ಬೆಳಗ್ಗೆ ಹೊರಟು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಹಾಗೆ ಇಟ್ಟುಕೊ. ರಜೆ ಲೆಕ್ಕಕ್ಕೆ ಹಿಡಿಯಬೇಡ, ಯಾರ ಹತ್ತಿರವೂ ಒಂದು ರೂಪಾಯಿ ಕೇಳಬೇಡ. ವಾರದ ನಡುವೆ ಹೋಮ್‌ಸ್ಟೇ ಬಾಡಿಗೆ ಇಳಿದಿರುತ್ತದೆ. ಶುಕ್ರವಾರ ಸಂಜೆ ನೀವು ವಾಪಸ್ ಬರುವಾಗ ಬೆಂಗಳೂರು ಬಿಟ್ಟು ಹೋಗುವವರ ಸಾಲು ನೆಲಮಂಗಲದಲ್ಲಿ ನಿಮಗೆ ಎದುರಿನ ರಸ್ತೆಯಲ್ಲಿರುತ್ತದೆ.

ಜಾಗಕ್ಕೆ ಸಕಲೇಶಪುರದ ಕಡೆ ನೋಡು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೆಳಗ್ಗೆ ಆರೂವರೆಗೆ ಹೊರಟರೆ ದಾರಿಯಲ್ಲಿ ತಿಂಡಿ ಮುಗಿಸಿಯೂ ಮಧ್ಯಾಹ್ನದ ಊಟಕ್ಕೆ ತೋಟದ ಮನೆಯಲ್ಲಿರುತ್ತೀರಿ. ಅದಕ್ಕಿಂತ ದೂರ ಹೋದರೆ ಎರಡು ದಿನದಲ್ಲಿ ಒಂದು ದಿನ ಸೀಟಿನಲ್ಲೇ ಕಳೆದುಹೋಗುತ್ತದೆ. ರೈಲಿನಲ್ಲಿ ಹೋಗೋಣ, ಘಾಟಿ ನೋಡೋಣ ಅಂತ ಯಾರಾದರೂ ಹೇಳುತ್ತಾರೆ. ಸುರಂಗಗಳೂ ಸೇತುವೆಗಳೂ ಇರುವ ಆ 55 ಕಿಲೋಮೀಟರ್ ಶುರುವಾಗುವುದೇ ಸಕಲೇಶಪುರ ದಾಟಿದ ಮೇಲೆ, ಸುಬ್ರಹ್ಮಣ್ಯ ರೋಡಿನ ಕಡೆಗೆ. ಸಕಲೇಶಪುರದಲ್ಲಿ ಇಳಿದವರಿಗೆ ಅದು ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡು. ಜುಲೈ, ಆಗಸ್ಟ್ ಬೇಡ. ಬಿಡದೆ ಸುರಿಯುವ ಮಳೆ, ಕಾಲಿಗೆ ಇಂಬಳ, ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ದಸರಾ ರಜೆಯ ಗದ್ದಲ ಬಿಟ್ಟು ಅಕ್ಟೋಬರಿನಲ್ಲಿ ಹೋದರೆ ಒಳ್ಳೆಯದು. ನವೆಂಬರ್ ಕೊನೆಯ ಹೊತ್ತಿಗೆ ಕಾಫಿ ಕುಯ್ಲು ಶುರುವಾಗಿರುತ್ತದೆ. ಕಣದಲ್ಲಿ ಹಣ್ಣು ಹರಡಿದ್ದನ್ನು ನೋಡುವುದು ಚೆನ್ನ, ಆದರೆ ಮನೆಯವರಿಗೆ ಬಿಡುವಿರುತ್ತದೆಯೇ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗು.

ದುಡ್ಡು ಕಟ್ಟುವ ಮೊದಲು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳು. ಎಲ್ಲರನ್ನೂ ನಿಲ್ಲಿಸಿಕೊಂಡೋ, ವಾಟ್ಸಾಪ್ ಗುಂಪಿನಲ್ಲಿ ಹಾಕಿಯೋ ಕೇಳಿದರೆ ಎಲ್ಲರೂ ‘ಓಕೆ ಮೇಡಂ’ ಅನ್ನುತ್ತಾರೆ. ಟೀ ಕುಡಿಯುವಾಗ ಪಕ್ಕದಲ್ಲಿ ಕೂತು ಕೇಳಿದರೆ ತಿರುವಿನ ದಾರಿಯಲ್ಲಿ ವಾಂತಿಯಾಗುತ್ತದೆ, ಮಗು ಇನ್ನೂ ಹಾಲು ಬಿಟ್ಟಿಲ್ಲ, ಈರುಳ್ಳಿ ತಿನ್ನುವುದಿಲ್ಲ, ಪಾಶ್ಚಾತ್ಯ ಶೌಚಾಲಯ ಇಲ್ಲದಿದ್ದರೆ ಮೊಣಕಾಲು ಬಗ್ಗುವುದಿಲ್ಲ ಅನ್ನುವುದೆಲ್ಲ ಹೊರಗೆ ಬರುತ್ತದೆ. ರಾತ್ರಿ ಉಳಿಯಲು ಆಗದವರು ಇದ್ದೇ ಇರುತ್ತಾರೆ. ಕಾರಣ ಕೆದಕಬೇಡ, ಆಮೇಲೂ ಎತ್ತಿ ಆಡಬೇಡ.

ಕಾರ್ಯಕ್ರಮ ಅಂತ ದೊಡ್ಡ ಪಟ್ಟಿ ಮಾಡಬೇಡ. ಕೆಲಸದ ಮಾತಿಗೆ ಒಂದೇ ಹೊತ್ತು ಸಾಕು, ಶುಕ್ರವಾರ ತಿಂಡಿಯಾದ ಮೇಲೆ ಎರಡು ಗಂಟೆ. ಒಂದೇ ಪ್ರಶ್ನೆ ಇಟ್ಟುಕೊ, ಅದನ್ನು ಒಂದು ವಾರ ಮೊದಲೇ ಎಲ್ಲರಿಗೂ ಹೇಳಿರು. ಮಾತು ಶುರುವಾದಾಗ ಎಲ್ಲರಿಗಿಂತ ಹೊಸಬರು ಮೊದಲು ಹೇಳಲಿ, ನೀನು ಕೊನೆಗೆ. ಮೇಡಂ ಒಂದು ಮಾತು ಆಡಿಬಿಟ್ಟರೆ ಮಿಕ್ಕವರು ಅದಕ್ಕೇ ತಲೆಯಾಡಿಸುತ್ತಾರೆ. ನಮ್ಮ ಆಫೀಸುಗಳ ಅಭ್ಯಾಸ ಅದು. ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರ ಮೇಲೊಬ್ಬರು ಬೀಳುವ ಆಟಗಳನ್ನು ಆಡಿಸುವವರನ್ನು ಕರೆಸಬೇಡ. ನೋಡಲೇಬೇಕು ಅಂದರೆ ಒಂದೇ ಜಾಗ, ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ, ಹೆದ್ದಾರಿಯ ಪಕ್ಕದಲ್ಲೇ. ಮೆಟ್ಟಿಲು ಹತ್ತಲಾಗದವರು ಕೆಳಗೆ ಕೂತು ಟೀ ಕುಡಿಯಲಿ, ಜೊತೆಗೆ ನೀನೂ ಕೂತುಕೊ.

ಮಿಕ್ಕ ಹೊತ್ತು ಖಾಲಿ ಇರಲಿ. ಖಾಲಿ ಬಿಟ್ಟರೆ ಬೇಜಾರಾಗುತ್ತದೇನೋ ಅಂತ ಹೆದರಬೇಡ. ನಾನು ಕೆಲಸದಲ್ಲಿದ್ದಾಗ ನಮ್ಮಲ್ಲಿ ಅಕೌಂಟ್ಸ್ ನೋಡುವವರೊಬ್ಬರಿದ್ದರು, ಮಾತು ಬಹಳ ಕಡಿಮೆ. ಇಂಥದೇ ಒಂದು ತೋಟದ ಮನೆಯಲ್ಲಿ ಸಂಜೆ ಸುಮ್ಮನೆ ಅಡುಗೆಮನೆಗೆ ಹೋದರು. ಆ ಮನೆಯ ಅಮ್ಮ ಉಕ್ಕರಿಸಿದ ಅಕ್ಕಿಹಿಟ್ಟನ್ನು ನಾದುತ್ತಿದ್ದರು. ಇವರು ಕೈ ತೊಳೆದು ಬಂದು ಒಂದು ಉಂಡೆ ತೆಗೆದುಕೊಂಡು, ಒಣ ಹಿಟ್ಟು ಉದುರಿಸಿ, ಅಂಚು ಒಡೆಯದ ಹಾಗೆ ತಿರುಗಿಸುತ್ತಾ ಲಟ್ಟಿಸಿದರು. ಕಾವಲಿಯ ಮೇಲೆ ಎರಡು ಮಗ್ಗುಲು ಬೆಂದ ರೊಟ್ಟಿಯನ್ನು ಕೆಂಡದ ಮೇಲಿಟ್ಟಾಗ ಪೂರ್ತಿ ಉಬ್ಬಿತು. ನೋಡನೋಡುತ್ತ ಬಾಗಿಲಲ್ಲಿ ನಾಲ್ಕು ಜನ ನಿಂತರು. ಅಂದು ರಾತ್ರಿಯಿಡೀ ಅವರೇ ಕಲಿಸಿದರು, ಮಿಕ್ಕವರು ಹರಕು ರೊಟ್ಟಿ ಮಾಡಿ ಚಟ್ನಿ ಹಚ್ಚಿಕೊಂಡು ತಿಂದರು. ಆಮೇಲೆ ಆಫೀಸಿನಲ್ಲಿ ಬಿಲ್ಲಿನ ತಕರಾರು ಬಂದಾಗ ಜನ ಅವರಿಗೆ ಮೇಲ್ ಕಳಿಸುವುದು ಬಿಟ್ಟು ಮೇಜಿನ ಹತ್ತಿರವೇ ಹೋಗುತ್ತಿದ್ದರು. ಇದನ್ನು ಯಾವ ಪಟ್ಟಿಯಲ್ಲೂ ಬರೆದಿಡಲು ಆಗುತ್ತಿರಲಿಲ್ಲ.

ರಾತ್ರಿಯ ವಿಷಯ ಬಿಚ್ಚಿ ಹೇಳುತ್ತೇನೆ. ಕಂಪನಿ ದುಡ್ಡಿನಲ್ಲಿ ಗುಂಡು ಬೇಡ. ಕುಡಿಯದವರು ಎಂಟು ಗಂಟೆಗೇ ಮೂಲೆ ಸೇರುತ್ತಾರೆ, ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋದದ್ದೇ ವ್ಯರ್ಥ. ಹೆಣ್ಣುಮಕ್ಕಳ ಕೋಣೆಗೆ ಒಳಗಿನಿಂದ ಚಿಲಕ ಸರಿಯಾಗಿದೆಯೇ, ಬಚ್ಚಲು ಒಳಗೇ ಇದೆಯೇ ಅಂತ ನೀನೇ ಕೇಳು. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ನಿಮಿತ್ತ ಹೋದ ಜಾಗವೂ, ಕಂಪನಿ ಕೊಟ್ಟ ವಾಹನವೂ ಕೆಲಸದ ಸ್ಥಳವೇ. ಹೊರಡುವ ಮೊದಲು ಎಲ್ಲರೆದುರೂ ಇದನ್ನು ಹೇಳಲು ಸಂಕೋಚಪಡಬೇಡ.

ಇನ್ನು ಗಾಡಿ ಓಡಿಸುವವರು. ಬಾಟಾ ಕೊಟ್ಟರೆ ಮುಗಿಯಲಿಲ್ಲ. ಅವರಿಗೆ ಮಂಚ, ಹೊದಿಕೆ, ನಿಮ್ಮ ಜೊತೆಗೇ ಊಟ ಇರಬೇಕು. ಸೀಟಿನ ಮೇಲೆ ಮುದುಡಿ ಮಲಗಿದವರು ಮರುದಿನ ನಿಮ್ಮೆಲ್ಲರನ್ನೂ ಹೆದ್ದಾರಿಯಲ್ಲಿ ಕರೆತರಬೇಕು. ಹೋಮ್‌ಸ್ಟೇಗೆ ಮುಂಗಡ ಕಳಿಸುವಾಗ ತಲೆ ಎಣಿಕೆಯಲ್ಲಿ ಅವರನ್ನೂ ಸೇರಿಸಿ ಹತ್ತು ಅಂತಲ್ಲ, ನಿನ್ನನ್ನೂ ಸೇರಿಸಿ ಹನ್ನೊಂದು ಅಂತಲೇ ಬರೆ.