ವರದಿಯ ಕೆಳಗಿನ ಸಹಿ

ಪ್ರಶ್ನೆ: ನಾನು ಕಿರಿಯ ಸಿವಿಲ್ ಎಂಜಿನಿಯರ್. ಮೂರು ಕಾಂಕ್ರೀಟ್ ಕ್ಯೂಬುಗಳಲ್ಲಿ ಒಂದು ತೀರ ಕಡಿಮೆ ಬಲ ತೋರಿತು. ಅದನ್ನು ವರದಿಯಿಂದ ಕೈಬಿಡೆಂದು ಮೇಲಧಿಕಾರಿಗಳು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾನ್ಯರೆ, ಮೂರು ಕ್ಯೂಬುಗಳ ಸರಾಸರಿಯೇ ಮಾದರಿಯ ಫಲಿತಾಂಶವೆಂದೂ, ಯಾವುದೊಂದು ಆ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸಗೊಂಡರೂ ಆ ಫಲಿತಾಂಶವೇ ಅಸಿಂಧುವೆಂದೂ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ವಿಧಿಸಿರುವಾಗ, ಒಂದನ್ನು ಮರೆಮಾಡಿ ಉಳಿದೆರಡರ ಸರಾಸರಿಯನ್ನು ಬರೆಯುವುದು, ಆ ಅಂಕಿಗಳೆರಡೂ ನಿಜವಾಗಿದ್ದರೂ, ವರದಿಯನ್ನು ನಂಬಿ ಓದುವವರಿಗೆ ಎಸಗಿದ ವಂಚನೆಯೇ ಸರಿ.

ದೋಷವನ್ನು ಮರೆಮಾಡದೆ ಬರೆದಿಡುವುದಕ್ಕೆ ಒಂದು ನಿದರ್ಶನವುಂಟು: ಅಮೆರಿಕದ ಎಂಜಿನಿಯರ್ ರೋಜರ್ ಬೋಜೊಲೆಯವರು ಬಾಹ್ಯಾಕಾಶ ನೌಕೆಯ ರಾಕೆಟ್ಟಿನ ರಬ್ಬರ್ ಉಂಗುರಗಳ ದೋಷದಿಂದ ಜೀವಹಾನಿಯಾದೀತೆಂದು 1985ರ ಜುಲೈ 31ರಂದೇ ಮುಚ್ಚುಮರೆಯಿಲ್ಲದೆ ಮೇಲಿನವರಿಗೆ ಬರೆದರು. 1986ರ ಜನವರಿ 28ರಂದು ಅದೇ ದೋಷದಿಂದ ಚಾಲೆಂಜರ್ ನೌಕೆಯಲ್ಲಿದ್ದ ಏಳು ಮಂದಿಯೂ ಮಡಿದ ತರುವಾಯ, ತನಿಖಾ ಆಯೋಗದ ಮುಂದೆ ಆ ಬರಹವೇ ಸಾಕ್ಷಿಯಾಗಿ ನಿಂತಿತು.

ಆದುದರಿಂದ ತಾವು ಮೂರು ಅಂಕಿಗಳನ್ನೂ ದಾಖಲಿಸಿ, ಕಾರಣವೆಂದು ತೋರುವುದನ್ನು ಊಹೆಯೆಂದೇ ಪ್ರತ್ಯೇಕವಾಗಿ ಬರೆದು, ಕಟ್ಟಡದ ಕಾಂಕ್ರೀಟಿನಿಂದಲೇ ಕೊರೆದು ತೆಗೆದ ತುಂಡಿನ ಕೋರ್ ಪರೀಕ್ಷೆಯನ್ನು ಸೂಚಿಸಿರಿ. ಮೊದಲು ಮೇಲಧಿಕಾರಿಗಳಿಗೆ ಏಕಾಂತದಲ್ಲಿ ವಿನಯದಿಂದ ಅರಿಕೆಮಾಡಿ, ಅವರು ಒಪ್ಪದಿದ್ದಲ್ಲಿ ದಿನಾಂಕಸಹಿತವಾದ ಟಿಪ್ಪಣಿಯನ್ನು ಸಲ್ಲಿಸಿ ಅದರ ಒಂದು ಪ್ರತಿಯನ್ನು ತಮ್ಮಲ್ಲಿರಿಸಿಕೊಳ್ಳಿರಿ. ತಿದ್ದಿದ ವರದಿಗೆ ಮಾತ್ರ ಸಹಿ ಮಾಡಕೂಡದು.