ಕಪ್ಪು ಕಾರಿನ ಹೊಳಪಿಗೆ ಅಸಲು ಕರಗಿಸಬೇಡಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ದಿನವೂ ಕಾರು ಒರೆಸುವವರಿಗೆ ತಿಂಗಳಿಗೆ ಸುಮಾರು 500ರಿಂದ 800 ರೂಪಾಯಿ ಕೊಡುವುದು ವಾಡಿಕೆ. ಮನೆಖರ್ಚಿನ ಲೆಕ್ಕದಲ್ಲಿ ಹಾಲು, ಪೇಪರಿನ ಪಕ್ಕ ಸದ್ದಿಲ್ಲದೆ ಕೂತಿರುವ ಈ ಬಾಬ್ತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ನಿಮ್ಮ ಕಾರು ಕಪ್ಪು, ಕಡುನೀಲಿ ಅಥವಾ ಕಡುಗೆಂಪು ಬಣ್ಣದ್ದಾಗಿದ್ದರೆ ಅದರ ಮೈಮೇಲೆ ಮಾಡುವ ಖರ್ಚುಗಳಲ್ಲೆಲ್ಲ ಅತಿ ದುಬಾರಿಯಾದದ್ದು ಇದೇ ಎಂಬುದು ನನ್ನ ವಾದ. ಆಮೇಲೆ ಪಾಲಿಶ್, ಟೆಫ್ಲಾನ್, ಸೆರಾಮಿಕ್ ಎಂದು ಸುರಿಯುವ ಸಾವಿರಗಳಲ್ಲಿ ಬಹುಪಾಲು ದಿನನಿತ್ಯದ ಆ ಒರೆಸುವಿಕೆ ಮಾಡಿಟ್ಟ ಹಾನಿಯನ್ನು ಮುಚ್ಚಲು ಹೋಗುತ್ತದೆ. ಹೊಳಪಿಗೆಂದು ಎತ್ತಿಟ್ಟ ಹಣವನ್ನು ತೊಳೆಯುವ ರೀತಿಗೆ ಹಾಕಿದರೆ ಪಾಲಿಶ್‌ಗೆ ಹಾಕಬೇಕಾದ ಪ್ರಸಂಗವೇ ಅಪರೂಪವಾಗುತ್ತದೆ.

ಇದಕ್ಕೆ ಕಾರಣ ಬಣ್ಣದ ಪದರಗಳಲ್ಲಿದೆ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್; ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 40ರಿಂದ 50. ನಮ್ಮ ತಲೆಕೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು. ಅಂದರೆ ಹತ್ತಾರು ಲಕ್ಷ ಕೊಟ್ಟು ತಂದ ಕಾರಿನ ಹೊಳಪೆಲ್ಲ ಕೂದಲಿಗಿಂತ ತೆಳುವಾದ ಒಂದು ಪೊರೆಯಲ್ಲಿದೆ. ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳು ಈ ಪೊರೆಗಿಂತ ಎಷ್ಟೋ ಪಾಲು ಗಡಸು. ಧೂಳು ಕೂತ ಬಾನೆಟ್ ಮೇಲೆ ಒಣಬಟ್ಟೆಯನ್ನೋ, ಹಿಂದಿನ ಹತ್ತು ಕಾರು ಒರೆಸಿದ ಬಕೆಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೋ ಸುತ್ತಿಸುತ್ತಿ ಎಳೆದರೆ ಆ ಕಣಗಳು ಗೀರು ಎಳೆಯುತ್ತಲೇ ಹೋಗುತ್ತವೆ. ಬಿಸಿಲಿಗೆ ನಿಲ್ಲಿಸಿದಾಗ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಕಾಣುವುದು ಇವೇ. ಬಿಳಿ ಕಾರಿಗೂ ಗೀರು ಇಷ್ಟೇ ಬಿದ್ದಿರುತ್ತದೆ. ಆದರೆ ಅಲ್ಲಿ ಅಡಿಯ ಬಣ್ಣವೇ ಬೆಳಕನ್ನೆಲ್ಲ ಹಿಂದಕ್ಕೆ ಚೆಲ್ಲುವುದರಿಂದ ಗೀರಿನ ಅಂಚಿನಲ್ಲಿ ಚದುರಿದ ಬೆಳಕು ಬೇರೆಯಾಗಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ, ಹಾಗಾಗಿ ಗೀರು ಮಾತ್ರ ಮಿನುಗುತ್ತದೆ.

ಹಣದ ಲೆಕ್ಕ ಶುರುವಾಗುವುದು ಇಲ್ಲಿಂದ. ಗೀರು ಕಂಡೊಡನೆ ಜನ ಹೋಗುವುದು ರಬ್ಬಿಂಗ್ ಪಾಲಿಶ್‌ಗೆ. ಪಾಲಿಶ್ ಎಂದರೆ ಕಾರಿಗೆ ಏನನ್ನೋ ಹಚ್ಚುವುದು ಎಂಬ ಕಲ್ಪನೆ ನಮ್ಮಲ್ಲಿದೆ. ಆಗುವುದು ಅದರ ತದ್ವಿರುದ್ಧ. ಪಾಲಿಶ್‌ನಲ್ಲಿ ಅಲ್ಯುಮಿನಾದಂಥ ಸಣ್ಣ ಉಜ್ಜುಪುಡಿ ಇರುತ್ತದೆ. ಗೀರಿನ ಅಕ್ಕಪಕ್ಕದ ಪೊರೆಯನ್ನು ಗೀರಿನ ಆಳದವರೆಗೆ ಸವೆಸಿ ಸಮ ಮಾಡುವುದೇ ಅದರ ಕೆಲಸ. ಕ್ಲಿಯರ್ ಕೋಟ್ ನಿಮ್ಮ ಅಸಲು ಎನ್ನುವುದಾದರೆ ಪ್ರತಿ ಪಾಲಿಶ್ ಆ ಅಸಲಿನಿಂದ ತೆಗೆದ ಹಣ, ಮತ್ತು ಈ ಖಾತೆಗೆ ಮರಳಿ ಜಮಾ ಮಾಡುವ ಸೌಲಭ್ಯವಿಲ್ಲ. ಒಳ್ಳೆಯ ಕೈಯಲ್ಲಿ ಒಂದು ಸಲಕ್ಕೆ ಒಂದೆರಡು ಮೈಕ್ರಾನ್ ಹೋಗಬಹುದು, ಒರಟು ಕಾಂಪೌಂಡ್ ಹಾಕಿ ಮೆಷಿನ್ ಒತ್ತಿ ಹಿಡಿದರೆ ಅದಕ್ಕಿಂತ ಹೆಚ್ಚು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕವೂ ಈ ಪೊರೆಯಲ್ಲೇ ಇರುವುದರಿಂದ ಪೊರೆ ತೆಳುವಾದಷ್ಟೂ ಬಣ್ಣ ಬೇಗ ಮಾಸುತ್ತದೆ. ಕೊನೆಗೆ ಟಾಪ್ ಮೇಲೆ, ಬಾನೆಟ್ ಮೇಲೆ ಪೊರೆ ಸಿಪ್ಪೆಯಂತೆ ಏಳುತ್ತದೆ. ಆ ಹಂತಕ್ಕೆ ಬಂದ ಕಾರಿಗೆ ಪೇಂಟ್ ಬಿಟ್ಟು ಬೇರೆ ದಾರಿಯಿಲ್ಲ, ಒಂದೊಂದು ಪ್ಯಾನೆಲ್‌ಗೂ ಸಾವಿರಗಳ ಲೆಕ್ಕ. ಹಳೆ ಕಾರು ಕೊಳ್ಳುವವರು ಈಗ ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ. ಮತ್ತೆ ಪೇಂಟ್ ಆದ ಪ್ಯಾನೆಲ್ ಅದರಲ್ಲಿ ತಟ್ಟನೆ ಸಿಕ್ಕಿಬೀಳುತ್ತದೆ, ಅಪಘಾತವಾಗಿತ್ತೇ ಎಂಬ ಅನುಮಾನ ಹುಟ್ಟುತ್ತದೆ, ಬೆಲೆ ಇಳಿಯುತ್ತದೆ. ಮಾರುವ ಹೊತ್ತಿಗೆ ಕಂಪನಿಯ ಮೂಲ ಬಣ್ಣ ಉಳಿದಿರುವುದಕ್ಕೇ ಬೆಲೆ.

ವ್ಯಾಕ್ಸ್ ಬೇರೆ ಜಾತಿಯದು. ಅದು ನಿಜಕ್ಕೂ ಮೇಲೆ ಕೂರುವ ಲೇಪ. ಬ್ರೆಜಿಲ್‌ನ ಕಾರ್ನೌಬಾ ತಾಳೆಯ ಎಲೆಯಿಂದ ತೆಗೆದ ಮೇಣವಾಗಲಿ, ಕಾರ್ಖಾನೆಯಲ್ಲಿ ತಯಾರಾದ ಸೀಲಂಟ್ ಆಗಲಿ, ಗೀರನ್ನು ತೆಗೆಯುವುದಿಲ್ಲ. ತೀರ ಸಣ್ಣದನ್ನು ಕೊಂಚ ಮರೆಮಾಡಿ, ನೀರು ಮುತ್ತಾಗಿ ಜಾರುವಂತೆ ಮಾಡಿ, ಹಕ್ಕಿಯ ಹಿಕ್ಕೆಯೋ ಮರದ ಅಂಟೋ ನೇರ ಪೊರೆಗೆ ತಾಗದಂತೆ ಕೆಲಕಾಲ ತಡೆಯುತ್ತದೆ. ಬಿಸಿಲಲ್ಲಿ ನಿಲ್ಲುವ ಕಾರಿನ ಮೇಲೆ ಕಾರ್ನೌಬಾ ಎರಡು ಮೂರು ತಿಂಗಳು ಉಳಿದರೆ ಪುಣ್ಯ, ಸೀಲಂಟ್ ಅದಕ್ಕಿಂತ ಹೆಚ್ಚು. ಕಪ್ಪು ಕಾರಿಗೆ ಇದು ಸಾರ್ಥಕ ಖರ್ಚು, ಏಕೆಂದರೆ ಕಪ್ಪು ತಗಡು ಬಿಸಿಲಲ್ಲಿ ಬಿಳಿಯದಕ್ಕಿಂತ ಬಹಳ ಕಾಯುತ್ತದೆ, ಕಾದ ಪೊರೆಯ ಮೇಲೆ ಹಿಕ್ಕೆ ಬೇಗ ಕಲೆ ಮಾಡುತ್ತದೆ. ಆದರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಕೊಳ್ಳಿ. ವ್ಯಾಕ್ಸ್ ಪಾಲಿಶ್, ಕ್ಲೀನರ್ ವ್ಯಾಕ್ಸ್ ಎಂಬ ಹೆಸರಿನ ಎಷ್ಟೋ ಅಗ್ಗದ ಡಬ್ಬಿಗಳಲ್ಲಿ ಉಜ್ಜುಪುಡಿ ಸೇರಿರುತ್ತದೆ. ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದೆವೆಂದುಕೊಂಡು ತಿಂಗಳಿಗೊಮ್ಮೆ ಪಾಲಿಶ್ ಮಾಡಿರುತ್ತೀರಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಥಳಥಳಿಸುತ್ತದೆ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ಎಣ್ಣೆಯ ಪಸೆಗೆ ಮರುದಿನದ ಧೂಳೆಲ್ಲ ಅಂಟಿಕೊಳ್ಳುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ನೆರಳಲ್ಲಿ, ಬಾನೆಟ್ ಕೈಗೆ ತಣ್ಣಗಿರುವಾಗ. ಮೊದಲು ಬರೀ ನೀರು ಸುರಿದು ಸಡಿಲ ಧೂಳನ್ನು ಇಳಿಸಬೇಕು. ಈ ಹಂತದಲ್ಲಿ ಬಟ್ಟೆ ತಾಗಿಸಲೇಕೂಡದು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಮಿಟ್ ಜಾಲಾಡಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ; ಚಕ್ರಕ್ಕೆ ಬೇರೆಯೇ ಬಟ್ಟೆ. ಒಣಗಿಸುವಾಗ ಉಜ್ಜದೆ ದಪ್ಪ ಟವೆಲ್ ಹರಡಿ ನೀರು ಹೀರಿಸಬೇಕು. ಪಾತ್ರೆ ತೊಳೆಯುವ ಸೋಪು ಹಾಕಿದರೆ ಕಷ್ಟಪಟ್ಟು ಹಚ್ಚಿದ ವ್ಯಾಕ್ಸ್ ಜಿಡ್ಡಿನೊಡನೆ ಕೊಚ್ಚಿಹೋಗುತ್ತದೆ. ಶಾಂಪೂ, ಎರಡು ಮಿಟ್, ನಾಲ್ಕಾರು ಟವೆಲ್, ಒಂದು ಡಬ್ಬಿ ವ್ಯಾಕ್ಸ್ ಎಲ್ಲ ಸೇರಿ ಮೊದಲ ವರ್ಷ ಸುಮಾರು 3,000 ರೂಪಾಯಿ. ಮುಂದಿನ ವರ್ಷಗಳಲ್ಲಿ ಅದರ ಅರ್ಧ ಸಾಕು. ತಿಂಗಳಿಗೆ 600ರಂತೆ ದಿನನಿತ್ಯದ ಒರೆಸುವಿಕೆಗೆ ವರ್ಷಕ್ಕೆ 7,200 ಆಗುತ್ತದೆ, ಅದರ ಮೇಲೆ ಪಾಲಿಶ್ ಖರ್ಚು ಬೇರೆ.

ನೀರಿನ ಮಾತು ಬಿಡುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ನಿಮಿಷಕ್ಕೆ 15 ಲೀಟರ್ ಸುರಿಸುವ ಪೈಪನ್ನು ಕಾಲು ಗಂಟೆ ಬಿಟ್ಟರೆ 225 ಲೀಟರ್. ಬಕೆಟ್ ಲೆಕ್ಕದಲ್ಲಿ 45 ಲೀಟರಿಗೆ ಕೆಲಸ ಮುಗಿಯುತ್ತದೆ. ಕಾವೇರಿ ಬೇಡವೆಂದು ಬೋರ್‌ವೆಲ್‌ಗೆ ತಿರುಗಿದರೆ ಗಡಸು ನೀರಿನ ಕಷ್ಟ. ಅಡುಗೆಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವ ಮನೆಗಳಿವೆ. ಉದ್ದೇಶ ಮೆಚ್ಚಬೇಕಾದ್ದು, ಆದರೆ ಆ ನೀರಿನಲ್ಲಿ ಲವಣ ಇನ್ನೂ ಸಾಂದ್ರವಾಗಿರುತ್ತದೆ. ಕಪ್ಪು ಬಣ್ಣದ ಮೇಲೆ ಒಣಗಿದ ಒಂದೊಂದು ಹನಿಯೂ ಬಿಳಿ ಉಂಗುರ ಬಿಡುತ್ತದೆ, ಅದು ಕೂತರೆ ತೆಗೆಯಲು ಮತ್ತೆ ಪಾಲಿಶ್. ಅಂಥ ನೀರು ಚಕ್ರಕ್ಕೆ, ಅಡಿಭಾಗಕ್ಕೆ ಇರಲಿ. ಮನೆಯ ಸಂಪಿಗೆ ಮಳೆನೀರು ಕೊಯ್ಲು ಇದ್ದರೆ ಕೊನೆಯ ಜಾಲಿಸುವಿಕೆಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ: ಮೆತ್ತಗಿನದು, ಪುಕ್ಕಟೆಯದು, ಯಾರೂ ದಂಡ ಹಾಕದ್ದು.

ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಯಾರ ಬಳಿ ಇದೆ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ವರ್ಷಕ್ಕೆ ಹೆಚ್ಚುಕಡಿಮೆ 36 ಗಂಟೆ. ಆ ಹೊತ್ತಿನಲ್ಲಿ ದುಡಿದು ಹೆಚ್ಚು ಗಳಿಸುವವರು ಮನೆಯಲ್ಲಿ ತೊಳೆಯಲೇಬೇಕೆಂದಿಲ್ಲ, ತೊಳೆಯುವವರ ಕೈಗೆ ಒಳ್ಳೆಯ ಸಾಮಾನು ಕೊಟ್ಟರಾಯಿತು. ಕ್ಲೀನರ್ ಹೊಟ್ಟೆಯ ಮೇಲೆ ಹೊಡೆಯಬೇಡಿ ಎನ್ನುವವರಿಗೂ ನನ್ನ ಉತ್ತರ ಇದೇ. ಅವರ ಸಂಬಳ ಕಡಿತ ಮಾಡುವ ಮಾತೇ ಇಲ್ಲ. ಅದೇ ದುಡ್ಡಿಗೆ ದಿನವೂ ಗಾಜು, ಕನ್ನಡಿ, ಚಕ್ರ, ಒಳಗಿನ ಮ್ಯಾಟ್ ನೋಡಿಕೊಳ್ಳಲಿ. ಬಣ್ಣದ ಭಾಗವನ್ನು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ನಿಮ್ಮ ಮಿಟ್, ನಿಮ್ಮ ಶಾಂಪೂವಿನಲ್ಲಿ ತೊಳೆಯಲಿ. ಅರ್ಧ ಗಂಟೆಯಲ್ಲಿ ಹತ್ತು ಕಾರು ಮುಗಿಸಬೇಕಾದವರಿಂದ ಸೂಕ್ಷ್ಮ ಕೆಲಸ ನಿರೀಕ್ಷಿಸುವುದು ನಮ್ಮದೇ ತಪ್ಪು.

ಇನ್ನೊಂದು ಗಟ್ಟಿಯಾದ ಆಕ್ಷೇಪ ಸೆರಾಮಿಕ್ ಕೋಟಿಂಗ್‌ನವರದು. ಒಮ್ಮೆ ಇಪ್ಪತ್ತು ಮೂವತ್ತು ಸಾವಿರ ಹಾಕಿದರೆ ವರ್ಷಗಟ್ಟಲೆ ನಿಶ್ಚಿಂತೆ, ಗಡಸುತನ 9ಎಚ್, ಗೀರು ಬೀಳುವುದೇ ಇಲ್ಲ ಎನ್ನುತ್ತಾರೆ. ಕೋಟಿಂಗ್‌ಗೆ ಗುಣವಿಲ್ಲವೆಂದಲ್ಲ. ವ್ಯಾಕ್ಸ್‌ಗಿಂತ ಬಹಳ ಕಾಲ ಬರುತ್ತದೆ, ಕೊಳೆ ಸಲೀಸಾಗಿ ಬಿಡುತ್ತದೆ. ಆದರೆ 9ಎಚ್ ಎಂಬುದು ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯ ಅಂಕ. ಪೆನ್ಸಿಲ್ಲಿಗೆ ಜಗ್ಗದ ಲೇಪ ಮರಳಿಗೆ ಜಗ್ಗುತ್ತದೆ. ಕೋಟಿಂಗ್ ಹಾಕಿಸಿದ ಕಾರನ್ನೂ ಹಳೆ ಬಟ್ಟೆಯಲ್ಲಿ ದಿನಾ ಒರೆಸಿದರೆ ಅದೇ ಜೇಡರಬಲೆ. ಹಾಕುವ ಮುನ್ನ ಮೈಯೆಲ್ಲ ಪಾಲಿಶ್ ಮಾಡುವುದು ರೂಢಿ, ಅಂದರೆ ಅಸಲಿಗೆ ಮೊದಲೇ ಕೈ ಹಾಕಿರುತ್ತಾರೆ. ವಾರಂಟಿ ಉಳಿಯಬೇಕಾದರೆ ನಿಗದಿತ ಅವಧಿಗೊಮ್ಮೆ ದುಡ್ಡು ಕೊಟ್ಟು ಅವರಲ್ಲೇ ಸರ್ವಿಸ್ ಮಾಡಿಸಬೇಕೆಂಬ ಷರತ್ತಿದೆಯೇ ಎಂದು ಸಹಿ ಹಾಕುವ ಮೊದಲು ಓದಿ. ಎರಡು ಬಕೆಟ್ಟಿನ ಶಿಸ್ತು ಬಂದವರಿಗೆ ಕೋಟಿಂಗ್ ಒಂದು ಅನುಕೂಲ. ಬಾರದವರಿಗೆ ವ್ಯರ್ಥ ಖರ್ಚು.

ಕಲಬುರಗಿಯ ಧೂಳಿನಲ್ಲಿ, ಸಂಡೂರಿನ ಅದಿರಿನ ದಾರಿಯಲ್ಲಿ ಓಡುವ ಕಾರನ್ನು ಎರಡು ವಾರ ಹಾಗೇ ಬಿಡಲಾಗುತ್ತದೆಯೇ ಎಂದು ಕೇಳಬಹುದು. ಬಿಡಬಹುದು. ಕೂತ ಧೂಳು ತಾನಾಗಿ ಗೀರು ಎಳೆಯುವುದಿಲ್ಲ, ಒಣಗಿದ ಧೂಳನ್ನು ಎಳೆದಾಡುವ ಬಟ್ಟೆ ಎಳೆಯುತ್ತದೆ. ಕಾಯಬಾರದ್ದು ಹಿಕ್ಕೆ ಮತ್ತು ಮರದ ಅಂಟು. ಅವನ್ನು ಕಂಡ ದಿನವೇ ನೀರಲ್ಲಿ ನೆನೆಸಿ ಎತ್ತಬೇಕು. ಆಯುಧಪೂಜೆಯ ಅರಿಸಿನ, ಕುಂಕುಮ, ವಿಭೂತಿಗೂ ಇದೇ ಕ್ರಮ. ಪುಡಿಯನ್ನು ಒಣಬಟ್ಟೆಯಲ್ಲಿ ಉಜ್ಜದೆ ನೀರು ಬಿಟ್ಟು ಇಳಿಸಿ. ಇಷ್ಟೆಲ್ಲ ಯಾರಿಗೆ ಬೇಕು ಎನಿಸಿದವರು, ಇನ್ನೂ ಕಾರು ಬುಕ್ ಮಾಡಿಲ್ಲದಿದ್ದರೆ, ಸಂಕೋಚವಿಲ್ಲದೆ ಬಿಳಿಯದನ್ನೋ ಬೆಳ್ಳಿ ಬಣ್ಣದ್ದನ್ನೋ ತೆಗೆದುಕೊಳ್ಳಿ.