ಜೀಪಿನ ಇಂಧನ ಪಂಪು ಮತ್ತು ಶೋಧಕ: ಆಯ್ಕೆಯ ಹಿಂದಿರುವ ವಿಜ್ಞಾನ

ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ 'ಮಾಡೆಲ್ ಟಿ' ಕಾರಿನ ಚಾಲಕರು ಕಡಿದಾದ ಏರು ಎದುರಾದಾಗ ಕೆಲವೊಮ್ಮೆ ಕಾರನ್ನು ತಿರುಗಿಸಿ ನಿಲ್ಲಿಸಿ, ಹಿಮ್ಮುಖವಾಗಿ ಏರನ್ನು ಹತ್ತುತ್ತಿದ್ದರು. ನೋಡುವವರಿಗೆ ಇದು ನಗೆ ತರಿಸುವ ದೃಶ್ಯ. ಆದರೆ ಅದಕ್ಕೊಂದು ಸರಿಯಾದ ಕಾರಣವಿತ್ತು. ಆ ಕಾರಿನಲ್ಲಿ ಇಂಧನ ಪಂಪು ಇರಲಿಲ್ಲ. ಆಸನದ ಕೆಳಗಿನ ತೊಟ್ಟಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಎಂಜಿನ್ನನ್ನು ಸೇರಬೇಕಾಗಿತ್ತು. ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಿದ್ದು ಕಾರಿನ ಮುಂಭಾಗವು ಮೇಲೆದ್ದರೆ, ಎಂಜಿನ್ನೇ ತೊಟ್ಟಿಗಿಂತ ಎತ್ತರದಲ್ಲಿರುತ್ತಿತ್ತು. ನೀರಿನಂತೆಯೇ ಪೆಟ್ರೋಲೂ ತಾನಾಗಿ ಮೇಲಕ್ಕೆ ಹರಿಯದು. ಹಿಮ್ಮುಖವಾಗಿ ಹತ್ತಿದಾಗ ತೊಟ್ಟಿಯು ಮೇಲಾಗಿ ಈ ತೊಡಕು ಪರಿಹಾರವಾಗುತ್ತಿತ್ತು.

ರಸ್ತೆಯಿಲ್ಲದ ಕಡೆಯಲ್ಲಿ ಓಡಲೆಂದೇ ಹುಟ್ಟಿದ ವಾಹನಕ್ಕೆ ಇಂತಹ ಉಪಾಯ ಸಾಲದು. 1941ರಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದ ಜೀಪುಗಳಲ್ಲಿ ಎಂಜಿನ್ನಿನಿಂದಲೇ ನಡೆಯುವ ಇಂಧನ ಪಂಪನ್ನೂ ಒಂದು ಶೋಧಕವನ್ನೂ ಅಳವಡಿಸಿದ್ದರು. ಯುದ್ಧಾನಂತರ ಅದೇ ವಂಶದ ವಾಹನಗಳು ಭಾರತದಲ್ಲಿಯೂ ತಯಾರಾಗಿ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮನೆಮಾತಾದವು. ಕಾರ್ಬ್ಯುರೇಟರಿರುವ ಹಳೆಯ ಜೀಪನ್ನು ಜೋಪಾನವಾಗಿ ಉಳಿಸಿಕೊಂಡವರು ಇಂದಿಗೂ ಅನೇಕರಿದ್ದಾರೆ. ಪಂಪು ಕೆಟ್ಟಾಗ ಅವರಿಗೆ ಸಾಮಾನ್ಯವಾಗಿ ತೋರುವ ವಿಚಾರವೆಂದರೆ, 'ಇರುವುದರಲ್ಲಿ ಬಲಿಷ್ಠವಾದುದನ್ನೇ ಹಾಕಿಬಿಡೋಣ' ಎಂಬುದು. ಈ ವಿಚಾರವು ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು. ಹೇಗೆಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದ ನೆರವಿನಿಂದಲೇ ನಾವು ಪರಿಶೀಲಿಸೋಣ.

ಎಂಜಿನ್ನಿಗೆ ಎಷ್ಟು ಪೆಟ್ರೋಲು ಬೇಕು?

ಯುದ್ಧಕಾಲದ ಜೀಪಿನ ಎಂಜಿನ್ನು 2.2 ಲೀಟರಿನದು, ಅದರ ಗರಿಷ್ಠ ಸಾಮರ್ಥ್ಯ 60 ಅಶ್ವಶಕ್ತಿ. ಇಂತಹ ಎಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಯೊಂದಕ್ಕೆ ಸುಮಾರು ಕಾಲು ಕಿಲೋಗ್ರಾಂ ಪೆಟ್ರೋಲನ್ನು ಉರಿಸುವುದೆಂದು ಇಟ್ಟುಕೊಳ್ಳಬಹುದು. ಅಂದಮೇಲೆ ಪೂರ್ಣಶಕ್ತಿಯಲ್ಲಿ ಗಂಟೆಗೆ 15 ಕಿಲೋಗ್ರಾಂ ಬೇಕು. ಪೆಟ್ರೋಲಿನ ಸಾಂದ್ರತೆಯು ನೀರಿನ ಸುಮಾರು 0.74ರಷ್ಟಿರುವುದರಿಂದ ಇದು 20 ಲೀಟರಿಗೆ ಸಮ. ಅಂದರೆ ನಿಮಿಷಕ್ಕೆ ಲೀಟರಿನ ಮೂರನೆಯ ಒಂದು ಪಾಲು. ಅಂಗಡಿಯಲ್ಲಿ ದೊರೆಯುವ ಸಣ್ಣ ಪಂಪುಗಳೂ ಇದರ ಹಲವು ಮಡಿ ಪೆಟ್ರೋಲನ್ನು ಸಾಗಿಸಬಲ್ಲವು. ಆದುದರಿಂದ ಪರಿಮಾಣದ ಚಿಂತೆ ನಮಗೆ ಅಷ್ಟಾಗಿ ಬೇಡ. ನಿಜವಾದ ಪ್ರಶ್ನೆಯಿರುವುದು ಒತ್ತಡದಲ್ಲಿ.

ಎಷ್ಟು ಒತ್ತಡ ಬೇಕು?

ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಪೆಟ್ರೋಲಿನ ಮಟ್ಟ ಸದಾ ಒಂದೇ ಸಮನಾಗಿರಬೇಕು. ಈ ಕೆಲಸವನ್ನು ಮಾಡುವುದು ಫ್ಲೋಟು ಎಂಬ ಟೊಳ್ಳಾದ ಡಬ್ಬಿ. ಬಟ್ಟಲು ತುಂಬಿದಂತೆ ಫ್ಲೋಟು ತೇಲಿ ಮೇಲೇರುತ್ತದೆ. ಅದಕ್ಕೆ ಜೋಡಿಸಿದ ಸನ್ನೆಯು ಒಂದು ಸೂಜಿಕವಾಟವನ್ನು ಒತ್ತಿ, ಪೆಟ್ರೋಲು ಬರುವ ರಂಧ್ರವನ್ನು ಮುಚ್ಚುತ್ತದೆ. ಪಂಪು ರಂಧ್ರವನ್ನು ತೆರೆಯಲು ತಳ್ಳುತ್ತದೆ, ಫ್ಲೋಟು ಮುಚ್ಚಲು ತಳ್ಳುತ್ತದೆ. ಇದೊಂದು ತಕ್ಕಡಿಯೇ ಸರಿ.

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ರಂಧ್ರದ ವ್ಯಾಸ 2 ಮಿಲಿಮೀಟರು. ಫ್ಲೋಟಿನ ಗಾತ್ರ 20 ಘನ ಸೆಂಟಿಮೀಟರು, ತೂಕ 8 ಗ್ರಾಂ. ಸನ್ನೆಯು ಬಲವನ್ನು ನಾಲ್ಕು ಮಡಿ ಮಾಡುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ, ಪೂರ್ಣ ಮುಳುಗಿದ ಫ್ಲೋಟನ್ನು ಪೆಟ್ರೋಲು ಮೇಲೆತ್ತುವ ಬಲ 14.8 ಗ್ರಾಂ. ಫ್ಲೋಟಿನ ತೂಕವನ್ನು ಕಳೆದರೆ ಉಳಿಯುವುದು 6.8 ಗ್ರಾಂ. ನಾಲ್ಕು ಮಡಿ ಮಾಡಿದರೆ ಸುಮಾರು 27 ಗ್ರಾಂ. ಸೂಜಿಕವಾಟವನ್ನು ಮುಚ್ಚಿಡಲು ನಮ್ಮ ಫ್ಲೋಟಿಗಿರುವ ಬಲದ ಮೇರೆ ಇಷ್ಟೇ.

ಇನ್ನು ಎದುರಾಳಿಯ ಬಲವನ್ನು ನೋಡೋಣ. ಚದರ ಅಂಗುಲಕ್ಕೆ 1 ಪೌಂಡು ಒತ್ತಡವಿದ್ದರೆ ಆ ರಂಧ್ರದಲ್ಲಿ ಸೂಜಿಯ ಮೇಲೆ ಬೀಳುವ ಬಲ ಸುಮಾರು 2.2 ಗ್ರಾಂ. 3 ಪೌಂಡು ಒತ್ತಡಕ್ಕೆ 6.6 ಗ್ರಾಂ, ಫ್ಲೋಟು ಇದನ್ನು ಲೀಲಾಜಾಲವಾಗಿ ತಡೆಯುತ್ತದೆ. 6 ಪೌಂಡಿಗೆ 13 ಗ್ರಾಂ. ತಡೆಯುವುದು ನಿಜ, ಆದರೆ ಫ್ಲೋಟು ಇನ್ನಷ್ಟು ಮುಳುಗಬೇಕು. ಅಂದರೆ ಬಟ್ಟಲಿನ ಮಟ್ಟ ಏರುತ್ತದೆ, ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚುತ್ತದೆ, ಹೊಗೆ ಕಪ್ಪಾಗುತ್ತದೆ. ಕಲ್ಲುದಾರಿಯಲ್ಲಿ ಜೀಪು ಕುಲುಕಿದಾಗಲಂತೂ ಫ್ಲೋಟು ಕುಣಿದು ಪೆಟ್ರೋಲು ಚೆಲ್ಲುವುದೂ ಉಂಟು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯ ಪಂಪುಗಳು 40 ಪೌಂಡಿಗೂ ಮೀರಿದ ಒತ್ತಡವನ್ನು ಕೊಡುತ್ತವೆ. ಅಂತಹ ಪಂಪನ್ನು ನೇರವಾಗಿ ಜೀಪಿಗೆ ಜೋಡಿಸಿದರೆ ಸೂಜಿಯ ಮೇಲೆ ಸುಮಾರು 90 ಗ್ರಾಂ ಬಲ ಬೀಳುವುದು. 27 ಗ್ರಾಮಿನ ಫ್ಲೋಟು ಸೋಲಲೇಬೇಕು. ಪೆಟ್ರೋಲು ಬಟ್ಟಲನ್ನು ತುಂಬಿ, ಉಕ್ಕಿ, ಬಿಸಿಯಾದ ಎಂಜಿನ್ನಿನ ಮೇಲೆ ಸುರಿಯುತ್ತದೆ. ಇದರ ಪರಿಣಾಮ ಬೆಂಕಿ.

ಆದುದರಿಂದ ಇಂತಹ ಎಂಜಿನ್ನಿಗೆ ಸಾಮಾನ್ಯವಾಗಿ 2ರಿಂದ 4 ಪೌಂಡು ಒತ್ತಡವೇ ಹಿತ. ಇದು ಕಡಿಮೆಯೆಂದು ಭಾವಿಸಬೇಕಾಗಿಲ್ಲ. 3 ಪೌಂಡಿನ ಒತ್ತಡವು ಪೆಟ್ರೋಲನ್ನು ಸುಮಾರು 2.85 ಮೀಟರು ಎತ್ತರಕ್ಕೆ ಏರಿಸಬಲ್ಲದು. ತೊಟ್ಟಿಗೂ ಎಂಜಿನ್ನಿಗೂ ಒಂದೂವರೆ ಮೀಟರು ದೂರವಿದ್ದು, ಜೀಪು 30 ಡಿಗ್ರಿಯ ಏರಿನಲ್ಲಿ ನಿಂತಿದ್ದರೂ ಹೆಚ್ಚುವ ಎತ್ತರ 75 ಸೆಂಟಿಮೀಟರು ಮಾತ್ರ. ಮಾಡೆಲ್ ಟಿ ಕಾರನ್ನು ಹಿಮ್ಮುಖವಾಗಿಸಿದ ಏರನ್ನು ಈ ಅಲ್ಪ ಒತ್ತಡವೇ ಗೆಲ್ಲುತ್ತದೆ.

ಯಾಂತ್ರಿಕ ಪಂಪಿನ ಜಾಣ್ಮೆ

ಜೀಪಿನೊಡನೆ ಬರುತ್ತಿದ್ದ ಪಂಪನ್ನು ನಮ್ಮ ಮೇಸ್ತ್ರಿಗಳು 'ಎ.ಸಿ. ಪಂಪು' ಎಂದು ಕರೆಯುವುದುಂಟು. ಅದರೊಳಗೆ ಒಂದು ಮೃದುವಾದ ಪೊರೆ, ಒಂದು ಸ್ಪ್ರಿಂಗು ಮತ್ತು ಒಂದೇ ದಿಕ್ಕಿಗೆ ತೆರೆಯುವ ಎರಡು ಕವಾಟಗಳಿವೆ. ಎಂಜಿನ್ನಿನ ಕ್ಯಾಮ್ ದಂಡವು ತಿರುಗುವಾಗ ಒಂದು ಸನ್ನೆಯನ್ನು ಅಲುಗಿಸುತ್ತದೆ. ಸನ್ನೆಯು ಪೊರೆಯನ್ನು ಎಳೆದಾಗ ತೊಟ್ಟಿಯಿಂದ ಪೆಟ್ರೋಲು ಒಳಬರುತ್ತದೆ. ಆದರೆ ಅದನ್ನು ಹೊರದಬ್ಬುವುದು ಸನ್ನೆಯಲ್ಲ, ಸ್ಪ್ರಿಂಗು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಂಜಿನ್ನು ಎಷ್ಟೇ ವೇಗವಾಗಿ ತಿರುಗಿದರೂ ಒತ್ತಡವು ಸ್ಪ್ರಿಂಗಿನ ಬಲವನ್ನು ಮೀರದು. ಬಟ್ಟಲು ತುಂಬಿ ಸೂಜಿಕವಾಟ ಮುಚ್ಚಿದೊಡನೆ ಪೊರೆಯು ಎಳೆದ ಸ್ಥಿತಿಯಲ್ಲಿಯೇ ನಿಲ್ಲುತ್ತದೆ. ಸನ್ನೆಯು ಬರಿದೇ ಅಲುಗುತ್ತಿರುತ್ತದೆ. ಎಂಜಿನ್ನು ನಿಂತರೆ ಪಂಪೂ ನಿಲ್ಲುತ್ತದೆ. ವಾಹನವು ಮಗುಚಿದಾಗ ಈ ಗುಣವು ಪ್ರಾಣವನ್ನೇ ಉಳಿಸಬಹುದು.

ಇದಕ್ಕೂ ದೋಷಗಳಿವೆ. ಪೊರೆಯು ಹರಿದರೆ ಪೆಟ್ರೋಲು ಹೊರಕ್ಕೆ ತೊಟ್ಟಿಕ್ಕಬಹುದು, ಇಲ್ಲವೇ ಎಂಜಿನ್ನಿನ ಎಣ್ಣೆಯೊಡನೆ ಬೆರೆತು ಅದನ್ನು ತೆಳುವಾಗಿಸಬಹುದು. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಮೊದಲು ಪಂಪನ್ನು ಶಂಕಿಸಬೇಕು. ಇನ್ನೊಂದು ದೋಷವೆಂದರೆ ಪಂಪು ಎಂಜಿನ್ನಿಗೇ ಅಂಟಿಕೊಂಡು ಬಿಸಿಯಾಗುವುದು. ಇದರಿಂದ ಹುಟ್ಟುವ ತೊಂದರೆಯೇ ಆವಿತಡೆ.

ಆವಿತಡೆ ಎಂದರೇನು?

ಪೆಟ್ರೋಲು ಒಂದೇ ದ್ರವವಲ್ಲ. ಅನೇಕ ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು 35ರಿಂದ 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯಲಾರಂಭಿಸುತ್ತವೆ. ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುವುದಷ್ಟೆ. ಪಂಪು ಪೆಟ್ರೋಲನ್ನು ಎಳೆಯುವಾಗ ಕೊಳವೆಯಲ್ಲಿ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಬೆಟ್ಟದ ಮೇಲಂತೂ ವಾಯುಮಂಡಲದ ಒತ್ತಡವೇ ಕಡಿಮೆ. ಸುಮಾರು 1,900 ಮೀಟರು ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದು ಸಮುದ್ರಮಟ್ಟದ ಐದನೆಯ ನಾಲ್ಕು ಪಾಲಿನಷ್ಟಿರುತ್ತದೆ. ಬಿಸಿ, ಎಳೆತ, ಎತ್ತರ ಮೂರೂ ಕೂಡಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಪಂಪು ಗುಳ್ಳೆಯನ್ನು ಹಿಗ್ಗಿಸಿ ಕುಗ್ಗಿಸುತ್ತಿರುವುದೇ ಹೊರತು ಪೆಟ್ರೋಲನ್ನು ಸಾಗಿಸುವುದಿಲ್ಲ. ಎಂಜಿನ್ನು ಏರಿನ ನಡುವೆಯೇ ನಿಂತುಬಿಡುತ್ತದೆ.

ಕೊಳವೆಯನ್ನು ಹೊಗೆಕೊಳವೆಯಿಂದ ದೂರ ಸರಿಸುವುದು ಇದಕ್ಕೆ ಮೊದಲ ಪರಿಹಾರ. ಬಿಸಿಯಾದ ಪೆಟ್ರೋಲನ್ನೂ ಆವಿಯನ್ನೂ ತೊಟ್ಟಿಗೆ ಮರಳಿಸುವ ಒಂದು ಕಿರಿದಾದ ಹಿಂದಿರುಗುವ ಕೊಳವೆಯನ್ನು ಜೋಡಿಸುವುದು ಎರಡನೆಯದು. ಇವೆರಡರಿಂದಲೂ ಫಲ ದೊರೆಯದಿದ್ದರೆ ಮಾತ್ರ ವಿದ್ಯುತ್ ಪಂಪಿನ ಯೋಚನೆಯನ್ನು ಮಾಡಬೇಕು.

ವಿದ್ಯುತ್ ಪಂಪು

ಎಳೆಯುವುದರಿಂದ ಒತ್ತಡ ಇಳಿಯುತ್ತದೆ, ತಳ್ಳುವುದರಿಂದ ಏರುತ್ತದೆ. ವಿದ್ಯುತ್ ಪಂಪನ್ನು ತೊಟ್ಟಿಯ ಪಕ್ಕದಲ್ಲಿಯೇ, ತೊಟ್ಟಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಟ್ಟರೆ ಕೊಳವೆಯುದ್ದಕ್ಕೂ ಪೆಟ್ರೋಲು ಒತ್ತಡದಲ್ಲಿರುವುದರಿಂದ ಗುಳ್ಳೆಯೇಳುವ ಸಂಭವ ಬಹಳ ಕಡಿಮೆ. ಬಹುದಿನ ನಿಂತ ಜೀಪನ್ನು ಚಾಲೂ ಮಾಡುವುದೂ ಸುಲಭ. ಅದೇ ಪಂಪನ್ನು ಎಂಜಿನ್ನಿನ ಬಳಿ ಕೂಡಿಸಿದರೆ ಅದೂ ಎಳೆಯಲೇಬೇಕಾಗಿ, ಹಣ ವ್ಯರ್ಥವಾಗುತ್ತದೆ.

ಆದರೆ ವಿದ್ಯುತ್ ಪಂಪಿಗೆ ಎಂಜಿನ್ನು ನಿಂತದ್ದು ತಿಳಿಯದು. ಅಪಘಾತದಲ್ಲಿ ಕೊಳವೆ ತುಂಡಾದರೂ ಅದು ಪೆಟ್ರೋಲನ್ನು ಸುರಿಸುತ್ತಲೇ ಇರುವುದು. ಆದುದರಿಂದ ಎಂಜಿನ್ನಿನ ಎಣ್ಣೆಯ ಒತ್ತಡ ಬಿದ್ದೊಡನೆ ಪಂಪನ್ನು ನಿಲ್ಲಿಸುವ ಸ್ವಿಚ್ಚು, ಇಲ್ಲವೇ ಬಲವಾದ ಡಿಕ್ಕಿಗೆ ತಾನಾಗಿ ಕಡಿದುಕೊಳ್ಳುವ ಜಡತ್ವದ ಸ್ವಿಚ್ಚು ಇರಲೇಬೇಕು. ಅದರೊಡನೆ ತಕ್ಕ ಫ್ಯೂಸೂ ಅವಶ್ಯ. ಇವಿಲ್ಲದೆ ವಿದ್ಯುತ್ ಪಂಪನ್ನು ಹಾಕುವುದು ಸರಿಯಲ್ಲವೆಂದು ನಾವು ಒತ್ತಿ ಹೇಳಬಯಸುತ್ತೇವೆ.

ಶೋಧಕದ ಸ್ಥಾನ

ಕಾರ್ಬ್ಯುರೇಟರಿನ ಮುಖ್ಯ ಜೆಟ್ಟಿನ ರಂಧ್ರವು ಸುಮಾರು 1 ಮಿಲಿಮೀಟರು ಅಗಲವಿರುತ್ತದೆ. ಸಣ್ಣ ಕಣಗಳು ಅದರ ಮೂಲಕ ಹಾದುಹೋಗಬಹುದು. ಹಾಗಾದರೆ ನಯವಾದ ಶೋಧಕವೇಕೆ? ಕಾರಣ ಮತ್ತೆ ಸೂಜಿಕವಾಟವೇ. ಅದು ಮುಚ್ಚುವ ಜಾಗದಲ್ಲಿ ಕೂದಲೆಳೆಯಷ್ಟು ದಪ್ಪದ ತುಕ್ಕಿನ ಚೂರು ಸಿಕ್ಕಿದರೂ ಕವಾಟವು ಪೂರ್ತಿ ಮುಚ್ಚದೆ ಪೆಟ್ರೋಲು ಉಕ್ಕುವುದು. ಮಾನವನ ಕೂದಲಿನ ದಪ್ಪ ಸುಮಾರು 70 ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 70 ಪಾಲು.

ಇಲ್ಲಿಯೂ 'ಎಲ್ಲಕ್ಕಿಂತ ನಯವಾದುದನ್ನು ಮೊದಲೇ ಹಾಕೋಣ' ಎನ್ನುವಂತಿಲ್ಲ. ಪಂಪಿನ ಹಿಂದೆ, ಅಂದರೆ ತೊಟ್ಟಿಯ ಕಡೆಗೆ, ಬಹಳ ನಯವಾದ ಶೋಧಕವಿದ್ದರೆ ಪಂಪು ಇನ್ನಷ್ಟು ಬಲವಾಗಿ ಎಳೆಯಬೇಕಾಗಿ ಆವಿತಡೆಗೆ ನಾವೇ ಆಹ್ವಾನವಿತ್ತಂತಾಗುತ್ತದೆ. ಆದುದರಿಂದ ಪಂಪಿನ ಹಿಂದೆ ಸುಮಾರು 70ರಿಂದ 100 ಮೈಕ್ರಾನಿನ ಒರಟು ಜಾಲರಿ; ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಸುಮಾರು 10 ಮೈಕ್ರಾನಿನ, ಮಡಿಕೆಮಡಿಕೆಯಾದ ಕಾಗದದ ಶೋಧಕ. ಇದು ಯುಕ್ತವಾದ ಕ್ರಮ. ಮಡಿಕೆಗಳು ಹೆಚ್ಚಿದ್ದಷ್ಟೂ ಸೋಸುವ ವಿಸ್ತೀರ್ಣ ಹೆಚ್ಚಿ, ಶೋಧಕವು ತಡವಾಗಿ ಕಟ್ಟಿಕೊಳ್ಳುತ್ತದೆ. ಎಂಜಿನ್ನಿನ ಬಳಿ ಪಾರದರ್ಶಕ ಪ್ಲಾಸ್ಟಿಕ್ಕಿನದಕ್ಕಿಂತ ಲೋಹದ ಹೊದಿಕೆಯ ಶೋಧಕವೇ ಕ್ಷೇಮ. ಹಳ್ಳ ದಾಟುವ ವಾಹನಗಳ ತೊಟ್ಟಿಗೆ ನೀರು ಸೇರುವ ಸಂಭವವಿರುವುದರಿಂದ, ಭಾರವಾದ ನೀರು ತಳದಲ್ಲಿ ನಿಲ್ಲುವಂತೆ ಮಾಡುವ ಹಳೆಯ ಗಾಜಿನ ಬಟ್ಟಲನ್ನು ಕಿತ್ತೊಗೆಯಬಾರದು.

ಈಗಿನ ಪೆಟ್ರೋಲು

ಹಳೆಯ ಜೀಪಿನವರಿಗೆ ಹೊಸದಾಗಿ ಎದುರಾದ ಸಂಗತಿಯೊಂದಿದೆ. ಭಾರತದಲ್ಲಿ ಪೆಟ್ರೋಲಿನೊಡನೆ ಎಥನಾಲನ್ನು ಬೆರೆಸುವ ಪ್ರಮಾಣವು 2022ರಲ್ಲಿ ನೂರಕ್ಕೆ 10ನ್ನೂ, 2025ರಲ್ಲಿ ನೂರಕ್ಕೆ 20ನ್ನೂ ಮುಟ್ಟಿತು. ಹಿಂದಿನ ಕಾಲದ ರಬ್ಬರಿನ ಕೊಳವೆಗಳನ್ನೂ ಪೊರೆಗಳನ್ನೂ ಎಥನಾಲು ಉಬ್ಬಿಸಬಹುದು, ಬಿರುಕು ಬಿಡಿಸಬಹುದು. ಅದು ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎಥನಾಲು ಮತ್ತು ನೀರು ಕೂಡಿಕೊಂಡು ಬೇರೆಯೇ ಪದರವಾಗಿ ತೊಟ್ಟಿಯ ತಳಕ್ಕಿಳಿಯುತ್ತವೆ. ತೊಟ್ಟಿಯ ಗೋಡೆಗಂಟಿದ್ದ ಹಳೆಯ ಕೊಳೆಯನ್ನೂ ಅದು ಸಡಿಲಿಸುವುದರಿಂದ ಆರಂಭದಲ್ಲಿ ಶೋಧಕವು ಬೇಗ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ. ಹೊಸ ಪಂಪನ್ನು ಕೊಳ್ಳುವಾಗ ಅದರ ಪೊರೆ ಎಥನಾಲಿಗೆ ತಾಳುವಂಥದೇ ಎಂದು ಕೇಳುವುದು ಒತ್ತಡವನ್ನು ಕೇಳುವಷ್ಟೇ ಮುಖ್ಯ.

ಕೊನೆಯದಾಗಿ, ಆಯ್ಕೆ

ಜೀಪು ಮೂಲರೂಪದಲ್ಲಿದ್ದು ಆವಿತಡೆಯ ಕಾಟವಿಲ್ಲದಿದ್ದರೆ, ಮೂಲಮಾದರಿಯ ಯಾಂತ್ರಿಕ ಪಂಪಿಗಿಂತ ಉತ್ತಮವಾದುದಿಲ್ಲ. ಬೆಟ್ಟದಲ್ಲಿ ಬಿಸಿಲಿನಲ್ಲಿ ಪದೇ ಪದೇ ನಿಲ್ಲುತ್ತಿದ್ದರೆ, ಕೊಳವೆಯ ದಾರಿಯನ್ನು ಸರಿಪಡಿಸಿದ ಬಳಿಕ, ಕಡಿಮೆ ಒತ್ತಡದ ವಿದ್ಯುತ್ ಪಂಪನ್ನು ರಕ್ಷಕ ಸ್ವಿಚ್ಚಿನೊಡನೆ ತೊಟ್ಟಿಯ ಬಳಿ ಅಳವಡಿಸಬಹುದು. ಯಾವುದನ್ನು ಹಾಕಿದರೂ ಕಾರ್ಬ್ಯುರೇಟರಿನ ಮುಂದೆ ಒತ್ತಡಮಾಪಕವನ್ನು ಜೋಡಿಸಿ ಒಮ್ಮೆ ಅಳೆಯಬೇಕು. ಈ ಪರೀಕ್ಷೆಯನ್ನು ಅನುಭವಿ ಮೇಸ್ತ್ರಿಯ ಎದುರಿನಲ್ಲಿ, ಬಯಲಿನಲ್ಲಿ, ಬೆಂಕಿಯಾರಿಸುವ ಸಾಧನವನ್ನು ಪಕ್ಕದಲ್ಲಿಟ್ಟುಕೊಂಡು ಮಾಡತಕ್ಕದ್ದು.

ಎಂಜಿನ್ನಿಗೆ ಬೇಕಾದುದು ಬಲಿಷ್ಠ ಪಂಪಲ್ಲ, ತಕ್ಕ ಪಂಪು. ಕೆಲವೇ ಗ್ರಾಂ ತೂಗುವ ಒಂದು ಫ್ಲೋಟು ಎಷ್ಟನ್ನು ತಡೆಯಬಲ್ಲದೆಂಬುದನ್ನು ಮೊದಲು ಲೆಕ್ಕ ಹಾಕಿದರೆ, ಉಳಿದ ಆಯ್ಕೆಗಳು ತಾವಾಗಿ ಸ್ಪಷ್ಟವಾಗುತ್ತವೆ.